ಇಪ್ಪತ್ನಾಲ್ಕನೇ ಕಾರ್ಡು

ಸಂಗಪ್ಪ ಮಾಸ್ತರರು ಹೆಣ್ಣುಮಕ್ಕಳ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅವರ ಕಣ್ಣು ಸದಾ ನೆಲದಿಂದ ಒಂದು ಗೇಣು ಮೇಲೆ, ಸೀರೆಯ ದಡಿಯ ಮೇಲೆ. ದಡಿ ಎಂದರೆ ಅಂಚು. ನಮ್ಮ ಕಡೆ ಹಾಗೇ ಅನ್ನುವುದು. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೈಮಗ್ಗದ ಸೀರೆ ಉಟ್ಟು ನಿಂತರೆ ಮುಗಿಯಿತು. ಇವರು ಹತ್ತಿರ ಹೋಗಿ, ಬಗ್ಗಿ, ಕನ್ನಡಕ ಮೂಗಿನ ತುದಿಗಿಳಿಸಿ, ತುಟಿ ಅಲುಗಿಸುತ್ತ ಎಳೆ ಎಣಿಸಲು ಶುರು. ಒಮ್ಮೆ ಅಸೂಟಿ ಕಡೆಯ ಹೆಂಗಸೊಬ್ಬಳು ಚಪ್ಪಲಿಗೇ ಕೈ ಹಾಕಿದಳು.

"ಏನ್ ನೋಡಾಕತ್ತಿಯೋ ಮುದಿಯಾ? ಮನ್ಯಾಗ ಅಕ್ಕತಂಗೇರಿಲ್ಲೇನ?"

ಮಾಸ್ತರರು ತಲೆಯೆತ್ತಲಿಲ್ಲ. "ತಡೀವಾ, ಹದಿನೇಳಾತು. ಸ್ವಲ್ಪ ಅಲಗಾಡಬ್ಯಾಡ" ಎಂದರು.

ನಾನು ನಡುವೆ ಬಿದ್ದು, "ಯಕ್ಕಾ, ಇವರು ಗಣಿತದ ಮಾಸ್ತರ. ಸೀರಿ ನೋಡಾಕತ್ತಾರ, ನಿಮ್ಮನ್ನಲ್ಲರಿ" ಎಂದೆ. ಆಕೆಗೆ ಅದು ಇನ್ನೂ ದೊಡ್ಡ ಅವಮಾನವಾಯಿತೋ ಏನೋ, ಸೆರಗು ಜಾಡಿಸಿಕೊಂಡು ಬಸ್ಸು ಹತ್ತಿದಳು. ಇವರು ಅಂಗೈ ಮೇಲೆ ಪೆನ್ನಿನಿಂದ ಚುಕ್ಕಿ ಇಟ್ಟುಕೊಳ್ಳುತ್ತ, "ನಮೂನಿ ಗೋಮಿ ದಡೀದು ಖರೇ. ಆದ್ರ ಮೂಲ್ಯಾಗ ಒಂದ ಎಳಿ ಬಿಟ್ಟಾರ. ಯಾಕ ಬಿಟ್ಟಿರಬೇಕು?" ಎಂದು ದಿನವಿಡೀ ಅದನ್ನೇ ಹಲುಬಿದರು. ಮನೆಯಲ್ಲಿ ಅವರ ಹೆಂಡತಿ ಕಮಲಮ್ಮನವರು ನಕ್ಕು, "ಊರ ಮಂದಿ ಸೀರಿ ಎಲ್ಲಾ ಬಾಯಿಪಾಠ ಅವರಿಗೆ. ನಾ ಮಿಲ್ಲಿನ ಸೀರಿ ಉಡಾಕಿ, ನನ್ನ ಕಡೆ ಹೊಳ್ಳಿ ನೋಡಂಗಿಲ್ಲ" ಎನ್ನುತ್ತಿದ್ದರು.

ಮಾಸ್ತರರು ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ. ಅಪ್ಪ ನೇಯುತ್ತಿದ್ದರು, ಅಣ್ಣಂದಿರು ನೇಯುತ್ತಿದ್ದರು. ಇವರೊಬ್ಬರು ಓದಿ ರೋಣದ ಹೈಸ್ಕೂಲಿಗೆ ಗಣಿತದ ಮಾಸ್ತರರಾಗಿ ಬಂದರು. ನಾನು ಅವರ ಕೈಯಲ್ಲೇ ಕಲಿತವಳು. "ಎಣಿಸು, ಆಮ್ಯಾಲ ಮಾತಾಡು" ಎಂಬುದು ಅವರ ಮಾತು. ಲೆಕ್ಕ ಬಿಡಿಸುವಾಗಲೂ ಅದೇ, ಹುಡುಗಿಯರು ಜಗಳ ತಂದಾಗಲೂ ಅದೇ. ನನ್ನ ಬಾಯಿ ಮೊದಲಿನಿಂದ ಜೋರು, ಆದ್ದರಿಂದ ಆ ಮಾತು ನನಗೆ ಉಳಿದವರಿಗಿಂತ ಹೆಚ್ಚು ಸಲ ಬಿದ್ದಿದೆ. ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟು ಕ್ಲಾಸ್ ತೆರೆದರು. ನಾನು ಅಲ್ಲಿ ಟೈಪಿಂಗ್ ಕಲಿಸಲು ಸೇರಿಕೊಂಡೆ. ಆ ಕೋಣೆಗೆ ಕೀಲಿಕೈ ಎರಡೇ. ಒಂದು ಅವರ ಅಂಗಿಯ ಕಿಸೆಯಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ.

ಆ ಕೋಣೆಯಲ್ಲೇ ಅವರು 'ದಡಿ' ಬರೆದದ್ದು. ದಡಿ ಎಂದರೆ ಇಲ್ಲಿ ಸೀರೆಯ ಅಂಚಲ್ಲ, ಅವರು ಬರೆದ ಪ್ರೋಗ್ರಾಮಿನ ಹೆಸರು. ಮಗ್ಗದ ತಲೆಯ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ರಟ್ಟಿನ ಕಾರ್ಡುಗಳನ್ನು ಮಾಲೆಯಾಗಿ ಹೊಲಿದು ತೂಗುಬಿಟ್ಟಿರುತ್ತಾರೆ. ಕಾರ್ಡಿನಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಗೆ ದಡಿಯಲ್ಲಿ ಹೂವು, ಗೋಪುರ ಮೂಡುತ್ತದೆ. ಯಾವ ಕಾರ್ಡಿನಲ್ಲಿ ಎಲ್ಲಿ ತೂತು ಎಂಬುದನ್ನು ಮೊದಲು ಚೌಕದ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದು ಎಣಿಸಬೇಕಿತ್ತು. ಒಂದು ಹೊಸ ನಮೂನೆಗೆ ಎರಡು ವಾರ ಹಿಡಿಯುತ್ತಿತ್ತು. ಮಾಸ್ತರರ ಅಪ್ಪ ಆ ಚೌಕ ಎಣಿಸೀ ಎಣಿಸೀ ಕಣ್ಣು ಕಳೆದುಕೊಂಡಿದ್ದರಂತೆ. ಇವರು ಅರವತ್ತರ ಹತ್ತಿರ ಬಂದಾಗ ಇಂಗ್ಲಿಷ್ ಪುಸ್ತಕವೊಂದನ್ನು ಡಿಕ್ಷನರಿ ಹಚ್ಚಿಕೊಂಡು ಓದಿ, ತಪ್ಪಿ, ಅಳಿಸಿ, ಏಳು ವರ್ಷದಲ್ಲಿ ಈ ಪ್ರೋಗ್ರಾಂ ಕಟ್ಟಿದರು. ಪರದೆಯ ಮೇಲೆ ಚಿತ್ರ ಬಿಡಿಸಿದರೆ ಸಾಕು, ಪ್ರತಿ ಕಾರ್ಡಿನ ತೂತುಗಳ ಪಟ್ಟಿ ಪ್ರಿಂಟಾಗಿ ಹೊರಗೆ ಬರುತ್ತದೆ. ಕಾರ್ಡು ಹೊಡೆಯುವವರು ಅದನ್ನು ನೋಡಿಕೊಂಡು ಯಂತ್ರ ಒತ್ತಿದರಾಯಿತು. ಎರಡು ವಾರದ ಕೆಲಸ ಅರ್ಧ ದಿನಕ್ಕೆ ಇಳಿಯಿತು.

ಅದನ್ನು ಅವರು ಆರೇಳು ಅಂಗಡಿಗೆ ಕೊಟ್ಟರು. ಕೊರಿಯರ್ ಗಿರಿಯರ್ ಇಲ್ಲ. ಕೊಡೆ ಹಿಡಿದು, ಬಸ್ಸು ಹತ್ತಿ, ತಾವೇ ಹೋಗಿ ಹಾಕಿ ಬರುವುದು. ಹಾಕಿದ ಪ್ರತಿಯೊಂದಕ್ಕೂ ಪರದೆಯ ಮೂಲೆಯಲ್ಲಿ ಸಣ್ಣದಾಗಿ ಒಂದು ನಂಬರು ಇರುತ್ತಿತ್ತು. ಕ್ಲಾಸಿನ ಕಂಪ್ಯೂಟರಿನದು ಒಂದನೇ ನಂಬರು. ಏಳುವ ಮುಂದೆ ಅಂಗಡಿಯವರಿಗೆ ಕೈ ಮುಗಿದು ಹೇಳುತ್ತಿದ್ದರು: "ಇದು ನನ್ನ ಕೈಯಾಗಿಂದ ನಿಮ್ಮ ಕೈಗೆ ಬಂದೈತ್ರಿ. ಮುಂದ ಯಾರಿಗರ ಬೇಕಂದ್ರ ನೀವ ಕೊಡಬ್ಯಾಡ್ರಿ, ನನ್ನ ಕಡೆ ಕಳಸ್ರಿ. ಒಬ್ಬರನ್ನೊಬ್ಬರು ನೋಡಿದಂಗೂ ಆಗತೈತಿ."

ಇನ್ನು ನನ್ನ ಸುದ್ದಿ. ಇದನ್ನು ಬರೆಯಲು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ. ಸಾಕಾಗಿದೆ. ಹೇಳಿಯೇ ಬಿಡುತ್ತೇನೆ.

ನನ್ನ ತಂಗಿ ರೇಣುಕಾಳನ್ನು ಗಜೇಂದ್ರಗಡಕ್ಕೆ ಕೊಟ್ಟಿದೆ. ಮಾಸ್ತರರು ಹುಟ್ಟಿದ ಓಣಿಯ ಪಕ್ಕದಲ್ಲೇ ಅವಳ ಮನೆ. ಮಾವನ ಕಾಲದ ಕಾರ್ಡು ಹೊಡೆಯುವ ಯಂತ್ರವೊಂದು ಆ ಮನೆಯಲ್ಲಿತ್ತು, ಅವಳು ಅದರ ಮುಂದೆ ಕೂತು ಓಣಿಯ ನೇಕಾರರಿಗೆ ಕಾರ್ಡು ಹೊಡೆದುಕೊಡುತ್ತಿದ್ದಳು. ಸಣ್ಣ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚೌಕ ಎಣಿಸುವುದು, ಕೂಸು ಅತ್ತರೆ ಎಣಿಕೆ ತಪ್ಪುವುದು, ಮತ್ತೆ ಮೊದಲಿನಿಂದ ಶುರು. ಒಂದು ದಿನ ಫೋನಿನಲ್ಲಿ, "ಅಕ್ಕಾ, ತಲಿ ಹೋಳಾಗಾಕತ್ತೈತಿ, ಮನ್ಯಾಗ ಕಂಪ್ಯೂಟರ್ ಐತಿ, ನಿಮ್ಮ ಮಾಸ್ತರದು ಅದೇನೋ ಐತೆಲ್ಲ" ಎಂದು ಅತ್ತಳು. ಮಾಸ್ತರರು ಊಟಕ್ಕೆ ಒಳಗೆ ಹೋದ ಹೊತ್ತಿನಲ್ಲಿ ಪೆನ್‌ಡ್ರೈವ್ ಚುಚ್ಚಿದೆ. ಅವರು ಮಜ್ಜಿಗೆ ಅನ್ನಕ್ಕೆ ಬರುವುದರೊಳಗೆ ಕೆಲಸ ಮುಗಿದಿತ್ತು.

ಕದ್ದೆ ಎಂದು ಆಗ ಅನ್ನಿಸಲಿಲ್ಲ, ಖರೇ ಹೇಳುತ್ತೇನೆ. ಮಾಡಿದ ಪಲ್ಯದಲ್ಲಿ ಒಂದು ಡಬ್ಬಿ ತಂಗಿಗೆ ಕಟ್ಟಿಕೊಟ್ಟ ಹಾಗೆ ಅನ್ನಿಸಿತು. ಪಲ್ಯ ಕೊಟ್ಟರೆ ನಮ್ಮ ಪಾತ್ರೆಯಲ್ಲಾದರೂ ಕಡಿಮೆಯಾಗುತ್ತದೆ, ಇಲ್ಲಿ ಅದೂ ಇಲ್ಲ. ಇದ್ದದ್ದು ಇದ್ದಲ್ಲೇ ಇತ್ತು. ಕೇಳಿದ್ದರೆ ಮಾಸ್ತರರು ಕೊಡುತ್ತಿದ್ದರು, ಕೊಟ್ಟೇ ಕೊಡುತ್ತಿದ್ದರು. ಕೇಳುವುದಕ್ಕೆ ಏನೋ ಸಂಕೋಚ. ಆ ಒಂದು ಸಂಕೋಚ ಇಷ್ಟೆಲ್ಲ ಮಾಡಿತು.

ರೇಣುಕಾಳಿಂದ ಅದು ಅವಳ ಮೈದುನನಿಗೆ ಹೋಯಿತು, ಮೈದುನನಿಂದ ನರಗುಂದಕ್ಕೆ. ಮಾಸ್ತರರು ಮದುವೆಯೊಂದಕ್ಕೆ ನರಗುಂದಕ್ಕೆ ಹೋಗಿದ್ದರು. ಊಟಕ್ಕೆ ತಡವಿತ್ತು, ಅಲ್ಲೇ ಪೇಟೆಯಲ್ಲಿ ಕಾರ್ಡು ಹೊಡೆಯುವ ಸಪ್ಪಳ ಕೇಳಿ ಒಳಗೆ ಇಣುಕಿದ್ದಾರೆ. ಅಂಗಡಿಯವನಿಗೆ ಇವರು ಯಾರೆಂದು ಗೊತ್ತಿಲ್ಲ. ದಡಿಯ ಬಗ್ಗೆ ಆಸೆಯಿಂದ ಕೇಳುವ ಮುದುಕ ಸಿಕ್ಕನೆಂದು, "ಬರ್ರಿ ಅಜ್ಜಾರ, ಹೊಸಾದು ಬಂದೈತಿ, ತೋರಸ್ತೀನಿ" ಎಂದು ಕೂರಿಸಿಕೊಂಡ. ತಾವೇ ಬರೆದ ಪ್ರೋಗ್ರಾಮನ್ನು ಹೇಗೆ ಬಳಸಬೇಕೆಂದು ಮಾಸ್ತರರು ಒಂದು ತಾಸು ಅವನಿಂದ ಪಾಠ ಹೇಳಿಸಿಕೊಂಡರು. ಮದುವೆ ಊಟ ತಪ್ಪಿಹೋಯಿತು. ಮರುದಿನ ಕ್ಲಾಸಿಗೆ ಬಂದು ಇದನ್ನೆಲ್ಲ ನಗುನಗುತ್ತಲೇ ಹೇಳಿದರು. "ಚಲೋ ಹೇಳಿಕೊಟ್ಟವಾ. ಎರಡ ಕಡೆ ತಪ್ಪು ಹೇಳಿದ, ನಾ ತಿದ್ದಲಿಲ್ಲ." ಆಮೇಲೆ ನಗು ನಿಂತಿತು.

"ಕೀಲಿ ಹಾಕಬೇಕೇನವಾ ಗಿರಿಜಾ ಇದಕ್ಕ?"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಬ್ಯಾಡ್ರಿ ಸರ. ಕೀಲಿ ಹಾಕಿದ್ರ ನಿಮ್ಮ ಕಡೆ ತೊಗೊಂಡವರಿಗೇ ತ್ರಾಸು. ಅವರ ಕಂಪ್ಯೂಟರ್ ಕೆಟ್ತು, ಹೊಸಾದು ತಂದ್ರು ಅಂದ್ರ ನಿಮಗ ಫೋನ್ ಮಾಡಬೇಕು. ನೀವು ಸಿಗಲಿಲ್ಲ ಅಂದ್ರ ಮಗ್ಗ ನಿಲ್ತಾವು. ಕದಿಯಾವ ಹ್ಯಾಂಗರ ಮಾಡಿ ಕೀಲಿ ಒಡೀತಾನ. ಪ್ರಾಮಾಣಿಕರಿಗಷ್ಟ ಕೀಲಿ." ಪ್ರಾಮಾಣಿಕ ಎಂಬ ಶಬ್ದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ನಮ್ಮಪ್ಪ ಹೊಸಾ ದಡಿ ನೇದ ಅಂದ್ರ ಓಣಿ ಮಂದೆಲ್ಲಾ ನೋಡಾಕ ಬರ್ತಿದ್ರು" ಎಂದರು ಮಾಸ್ತರರು. "ಅಪ್ಪ ಮುಚ್ಚಿಡ್ತಿರಲಿಲ್ಲ. ಎದ್ದು ಜಾಗಾ ಬಿಟ್ಟುಕೊಡ್ತಿದ್ದ. ಬಂದಾವ ಕುಂತು ಎಳಿ ಎಣಿಸ್ತಿದ್ದ. ಮನಿಗೆ ಹೋಗಿ ನೇದು, ತಪ್ಪಿ, ಮತ್ತ ಬಂದು ಎಣಿಸ್ತಿದ್ದ. ಅಷ್ಟು ಎಣಿಸೂದ್ರೊಳಗ ಅದು ಅವಂದೂ ಆಗ್ತಿತ್ತು. ಕಳವು ಅಂತ ಯಾರೂ ಅನ್ನಲಿಲ್ಲ."

"ಹಂಗ ತಿಳಕೋರಿ ಮತ್ತ ಇದನ್ನೂ."

"ಹ್ಯಾಂಗ ತಿಳಕೊಳ್ಳಲೇ ಹುಡುಗಿ? ಇಲ್ಲೆ ಎಣಿಸೂದ ಇಲ್ಲಲ್ಲ. ಏಳು ವರ್ಷದ್ದು ಒಂದ ಬಟನ್ನಿಗೆ ಹೋಗತೈತಿ. ನೋಡಾಕ ಬಂದಾವ ನಮ್ಮಪ್ಪನ ಮುಖಾನರ ನೋಡ್ತಿದ್ದ. ಚಹಾ ಕುಡೀತಿದ್ದ." ಹೀಗೆಂದು ಕನ್ನಡಕ ತೆಗೆದು ಒರೆಸಿಕೊಂಡರು. "ನರಗುಂದದಾವಗ ನಾ ಯಾರಂತ ಗೊತ್ತಿಲ್ಲವಾ. ಅದೊಂದ ನೋಡು ನನಗ ಹತ್ತಿದ್ದು."

ಆರು ತಿಂಗಳಿಗೆ ಎರಡನೇ 'ದಡಿ' ಸಿದ್ಧವಾಯಿತು. ಇದರಲ್ಲಿ ಸೆರಗನ್ನೂ ಬಿಡಿಸಬಹುದಿತ್ತು. ಇನ್ನು ಕೊಡಬಾರದು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ರೇಣುಕಾ ಎರಡು ಸಲ ಕೇಳಿದಳು, ಬೈದೆ. ಮೂರನೇ ಸಲ ಅವಳು ಕೇಳಲೇ ಇಲ್ಲ, ಸುಮ್ಮನೆ ಫೋನಿನಲ್ಲಿ ಮೂಗೆಳೆದಳು. ಕೊಟ್ಟುಬಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ, ಕ್ಲಾಸು ಮುಗಿದು ಹುಡುಗಿಯರೆಲ್ಲ ಹೋದ ಮೇಲೆ, ಮಾಸ್ತರರು ನನ್ನನ್ನು ಕರೆದು ಕೂರಿಸಿದರು. "ಯಾರಿಗೂ ಹೇಳಿಲ್ಲವಾ, ನಿನಗೊಬ್ಬಾಕಿಗೆ ಹೇಳಾಕತ್ತೀನಿ" ಎಂದು ಶುರು ಮಾಡಿದರು. ಕೀಲಿ ಹಾಕಿರಲಿಲ್ಲ. ಅದಕ್ಕಿಂತ ಬೇರೆಯದೊಂದು ಮಾಡಿದ್ದರು. ಹೊಸ ಪ್ರೋಗ್ರಾಂ ತನ್ನನ್ನು ಮೊದಲು ಹಾಕಿದ ಕಂಪ್ಯೂಟರಿನ ಗುರುತು ಇಟ್ಟುಕೊಳ್ಳುತ್ತದೆ. ನಕಲಾಗಿ ಬೇರೆ ಕಂಪ್ಯೂಟರಿಗೆ ಹೋದರೂ ಎಲ್ಲ ಸರಿಯಾಗೇ ನಡೆಯುತ್ತದೆ, ಪರದೆಯ ಮೇಲೆ ಚಿತ್ರವೂ ಸರಿಯಾಗೇ ಕಾಣುತ್ತದೆ. ಪ್ರಿಂಟ್ ತೆಗೆದಾಗ ಮಾತ್ರ ಇಪ್ಪತ್ನಾಲ್ಕನೇ ಕಾರ್ಡಿನಲ್ಲಿ ಒಂದು ತೂತು ಹೆಚ್ಚಿಗೆ ಬೀಳುತ್ತದೆ. ಒಂದೇ ಒಂದು. ಕಾರ್ಡಿನ ಮಾಲೆ ಸುತ್ತು ಬಂದಾಗಲೆಲ್ಲ ಬೇಡದ ಎಳೆಯೊಂದು ಮೇಲೆದ್ದು ದಡಿಯಲ್ಲಿ ಚುಕ್ಕಿಯಾಗುತ್ತದೆ.

"ದೂರು ತೊಗೊಂಡು ಬರ್ತಾರ ನೋಡು. ಮಾಸ್ತರ, ನಿಮ್ಮ ಪ್ರೋಗ್ರಾಂ ತಪ್ಪೈತಿ ಅಂತ ಬರ್ತಾರ. ಆಗ, ಇದು ನಿನ್ನ ಕಡೆ ಹ್ಯಾಂಗ ಬಂತಪಾ ಅಂತ ಕೇಳ್ತೀನಿ. ಬೈಯೂದಿಲ್ಲ. ಕುಂದರಿಸಿ ಚಹಾ ಕುಡಿಸಿ, ಸರಿ ಇದ್ದದ್ದು ಕೊಟ್ಟು ಕಳಸ್ತೀನಿ. ಒಮ್ಮೆ ಬಂದು ಕೇಳಿದ್ರ ಸಾಕವಾ ನನಗ."

ಮನೆಗೆ ಹೋದವಳೇ ರೇಣುಕಾಳಿಗೆ ಫೋನ್ ಹಚ್ಚಬೇಕಿತ್ತು. ಹಚ್ಚಲಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಬೇಕು. ಮಾಸ್ತರರ ಮುಂದೆ ಹೋಗಿ ನಿಲ್ಲಬೇಕು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ಹೋದವು. ಯಾವ ದೂರೂ ಬರಲಿಲ್ಲ. ಅವರ ಆ ಯುಕ್ತಿ ಕೆಲಸ ಮಾಡಿಲ್ಲ, ಕೆಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ನಂಬಿದೆ ಕೂಡ.

ಮಾಸ್ತರರು ಮಾತ್ರ ಕಾದರು. ಬಾಗಿಲಲ್ಲಿ ಸೈಕಲ್ ನಿಂತರೆ ತಲೆ ಎತ್ತುವರು. ಫೋನ್ ಬಾರಿಸಿದರೆ ನನಗಿಂತ ಮೊದಲು ಎತ್ತುವರು. ಒಂದು ವರ್ಷದ ಮೇಲಾಯಿತು. "ಯಾರೂ ಬರಲಿಲ್ಲಲ್ಲವಾ" ಎಂದು ನನ್ನ ಕಡೆ ನೋಡುತ್ತ ಹೇಳುವರು. "ಹೌದ್ರಿ ಸರ, ಯಾರೂ ಕದ್ದಿಲ್ಲ ಅಂತ ಕಾಣತೈತ್ರಿ" ಎನ್ನುವೆ. "ಹಂಗಾದ್ರ ಚಲೋನ ಆತು ಬಿಡು" ಎನ್ನುವರು. ಹಾಗೆನ್ನುವಾಗ ಅವರ ದನಿಯಲ್ಲಿ ಒಂದು ಆಯಾಸವಿರುತ್ತಿತ್ತು. ನಾನು ಅದನ್ನು ವಯಸ್ಸಿನ ಆಯಾಸವೆಂದು ತಿಳಿದೆ.

ಗಜೇಂದ್ರಗಡದಲ್ಲಿ ಅವರ ಅಣ್ಣನ ಮಗನ ಮನೆ ಪ್ರವೇಶವಿತ್ತು. ನಾನೂ ರೇಣುಕಾಳನ್ನು ನೋಡಿಬರಬೇಕಿದ್ದ ಕಾರಣ ಒಂದೇ ಬಸ್ಸಿಗೆ ಹೋದೆವು. ಊಟವಾದ ಮೇಲೆ ಮಾಸ್ತರರು, "ನಡಿ, ಶಾಂತಕ್ಕನ್ನ ನೋಡಿ ಹೋಗೂಣು" ಎಂದರು. ಶಾಂತವ್ವ ಅವರ ಅಪ್ಪನ ಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯಾಕೆ. ಇವರಿಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಇವರನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳಂತೆ. ಈಗಲೂ ನೇಯುತ್ತಾಳೆ.

ನಾವು ಹೋದಾಗ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ಬಾರೋ ತಮ್ಮಾ, ಹಾದಿ ತಪ್ಪಿ ಬಂದೆಲ್ಲಾ" ಎಂದಳು. ಮಾಸ್ತರರು ನಗುತ್ತ ಒಳಗೆ ಹೋಗಿ, ಅಭ್ಯಾಸದಂತೆ ಮಗ್ಗದ ಮೇಲೆ ತೂಗುತ್ತಿದ್ದ ಕಾರ್ಡುಗಳ ಮೇಲೆ ಬೆರಳಾಡಿಸಿದರು. ಬೆರಳು ಒಂದೆಡೆ ನಿಂತಿತು. ಅಲ್ಲೊಂದು ತೂತಿನ ಮೇಲೆ ಹಳೆಯ ಕ್ಯಾಲೆಂಡರಿನ ಚೂರು ಅಂಟಿಸಿತ್ತು.

"ಇದೇನ ಶಾಂತಕ್ಕ?"

"ಏನಿಲ್ಲ ಬಿಡೋ. ಕಾರ್ಡು ಹರದಿತ್ತು, ಹಚ್ಚೀನಿ."

ಗೋಡೆಯ ಗೂಟಕ್ಕೆ ಬೇರೆ ನಮೂನೆಗಳ ಮಾಲೆಗಳು ತೂಗುಬಿದ್ದಿದ್ದವು. ಮಾಸ್ತರರು ಅವನ್ನು ಒಂದೊಂದಾಗಿ ಎಣಿಸಿದರು. ಗೋಮಿ ದಡಿಯ ಮಾಲೆಯಲ್ಲಿ ಇಪ್ಪತ್ನಾಲ್ಕನೆಯದಕ್ಕೆ ಕಾಗದ. ಗಾಡಿ ದಡಿಯದರಲ್ಲೂ ಇಪ್ಪತ್ನಾಲ್ಕಕ್ಕೆ. "ಎಲ್ಲಾದ್ರಾಗೂ ಇದೊಂದ ಹರದೈತೇನಕ್ಕ?"

ಶಾಂತವ್ವ ಲಾಳಿ ಕೆಳಗಿಟ್ಟಳು. "ಮನಸಿಗೆ ಹಚ್ಚಿಕೋಬ್ಯಾಡೋ ತಮ್ಮಾ. ಈ ಕಾರ್ಡಿನ ಲೆಕ್ಕ ನಿಂದ ಅಂತ ಕೇಳೀವಿ, ಅದು ಅಲ್ಲೊಂದ ಕಡೆ ತಪ್ಪತೈತಿ. ಒಂದ ತೂತು ಹೆಚ್ಚಾಗತೈತಿ. ವಯಸ್ಸಾತು, ಕಣ್ಣು ಮಂಜಾಗಿರ್ತಾವು, ಆಗೂದ. ಓಣ್ಯಾಗ ನಾವೆಲ್ಲಾ ಒಂದೊಂದ ಕಾಗದ ಹಚ್ಚಿಕೋತೀವಿ, ಅಷ್ಟ. ಹೊರಗ ಯಾರೂ ಬಾಯಿ ಬಿಟ್ಟಿಲ್ಲ. ಕಾರ್ಡು ಹೊಡ್ಯಾಕಿ ರೇಣುಕಾಗೂ ಹೇಳಿಲ್ಲ. ಆಕಿ ಬಂದು ನಿನಗ ಹೇಳಿದ್ರ ನೀ ಸಣ್ಣ ಮಾರಿ ಮಾಡ್ತಿ ಅಂತ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಾಸ್ತರರು ನನ್ನತ್ತ ತಿರುಗಲಿಲ್ಲ.

"ಮೊದಲ ಸಲ ಹ್ಯಾಂಗ ಗೊತ್ತಾತಕ್ಕ?"

"ಒಂದ ಸೀರಿ ಪೂರಾ ನೇದ ಮ್ಯಾಲ. ಮಗ್ಗದ ಮ್ಯಾಲ ಸೀರಿ ಬೋರಲ ಇರತೈತಿ, ನನ್ನ ಕಣ್ಣಿಗೆ ಕಾಣಲಿಲ್ಲ. ಅಂಗಡ್ಯಾವ, ದಡಿ ತುಂಬ ಚುಕ್ಕಿ ಚುಕ್ಕಿ ಕಲಿ ಅದಾವು ಅಂತ ಹೊಳ್ಳಿ ಕೊಟ್ಟ. ಹೋಗಲಿ ತೊಗೋ, ನನಗೂ ಒಂದ ಸೀರಿ ಆತು. ಕುಂದ್ರು, ಚಹಾ ಇಡ್ತೀನಿ."

ಹೀಗೆಂದು ಕುಣಿಯಿಂದ ಕೈಯೂರಿ ಮೇಲೆದ್ದಳು. ಅಲ್ಲಿಯವರೆಗೆ ಅವಳ ಸೀರೆಯ ಕೆಳಭಾಗ ಕಂಡಿರಲಿಲ್ಲ. ಹಸಿರು ದಡಿ. ಗೇಣಿಗೊಂದರಂತೆ, ಇರಬಾರದ ಕಡೆ ಒಂದೊಂದು ಕೆಂಪು ಚುಕ್ಕಿ. ಅವಳು ಒಲೆಯ ಕಡೆ ನಡೆದ ಹಾಗೆ ಚುಕ್ಕಿಗಳೂ ನಡೆದವು. ಕಂಡಕಂಡವರ ದಡಿ ಬಗ್ಗಿ ನೋಡಿದ ಮನುಷ್ಯ ಅದೊಂದನ್ನು ನಿಂತಲ್ಲಿಂದಲೇ ನೋಡಿದರು. ತುಟಿ ಅಲುಗಲಿಲ್ಲ. ಎಣಿಸಲಿಲ್ಲ.

"ಹೌದ ಶಾಂತಕ್ಕ" ಎಂದರು. "ಲೆಕ್ಕ ತಪ್ಪೀನಿ."

ಬರುವಾಗ ರಾಜೂರಿನಲ್ಲಿ ಬಸ್ಸು ನಿಂತಾಗ, ಕಿಟಕಿಯ ಹೊರಗೆ ನೋಡುತ್ತ, ತಮಗೆ ತಾವೇ ಹೇಳಿಕೊಂಡರು. "ಕದ್ದಾವಗೂ ಮಗ್ಗಕ್ಕೂ ನಡುವ ಎಷ್ಟ ಮಂದಿ ಇರ್ತಾರ ಅನ್ನೂದನ್ನ ನಾ ಎಣಿಸಲೇ ಇಲ್ಲ ನೋಡು. ಜನ್ಮ ಎಲ್ಲಾ ಎಣಿಸು ಎಣಿಸು ಅಂತ ಮಕ್ಕಳಿಗೆ ಹೇಳಿದೆ." ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಜೋರು ಬಾಯಿಯವಳು ನಾನು! ಟಿಕೆಟ್ಟಿನ ಚೀಟಿ ಮಡಚುತ್ತ ಕೂತೇ ಇದ್ದೆ.

ಎಂಟು ದಿನಕ್ಕೆ ಮಾಸ್ತರರು ಒಂದು ಪೆನ್‌ಡ್ರೈವ್ ತಂದು ನನ್ನ ಮುಂದಿಟ್ಟರು. "ತೂತು ತಗದೀನಿ. ಕೀಲಿನೂ ಇಲ್ಲ, ನಂಬರೂ ಇಲ್ಲ. ಯಾರ್ಯಾರ ಕಡೆ ಐತೋ ಅವರಿಗೆಲ್ಲಾ ಕೊಟ್ಟು ಬಾ."

"ಯಾರ ಕಡೆ ಐತಿ ಅಂತ ನನಗ..."

"ನಿನಗ ಗೊತ್ತೈತೆಲ್ಲವಾ."

ಅವರು ಬೈಯುವವರ ಹಾಗೆ ಮಾತಾಡಲಿಲ್ಲ. ಬಹಳ ದಣಿದವರ ಹಾಗೆ ನಿಧಾನ ಮಾತಾಡಿದರು. "ಅವತ್ತ ನರಗುಂದದಾಗ ಮೂಲ್ಯಾಗಿನ ನಂಬರ ನೋಡಿದ್ದೆ. ಒಂದು ಅಂತ ಇತ್ತು. ಈ ಕೋಲಿ ಕಂಪ್ಯೂಟರಿಂದು. ಈ ಕೋಲಿಗೆ ಎರಡ ಕೀಲಿಕೈ."

"ಮತ್ತ ನನ್ನ ಯಾಕ ಕೇಳಲಿಲ್ಲರಿ ಸರ?"

"ನೀನ ಹೇಳ್ತಿ ಅಂತ ಕಾದೆ. ಇಪ್ಪತ್ನಾಕನೇ ಕಾರ್ಡಿನ ಸುದ್ದಿ ನಿನಗೊಬ್ಬಾಕಿಗೆ ಯಾಕ ಹೇಳಿದ್ನಿ ಅಂತೀ? ನಾಳೆ ಬರ್ತಿ, ನಾಡದು ಬರ್ತಿ ಅಂತ ಕಾದೆ. ನೀ ಬರಲಿಲ್ಲ."

ಬಾಗಿಲಲ್ಲಿ ಸೈಕಲ್ ನಿಂತಾಗಲೆಲ್ಲ ಅವರು ತಲೆ ಎತ್ತಿ ನೋಡುತ್ತಿದ್ದದ್ದು ಬಾಗಿಲ ಕಡೆ ಅಲ್ಲ, ನನ್ನ ಕಡೆಗೆ. ಅದು ನನಗೆ ಆಗ ಹೊಳೆಯಿತು. ಅತ್ತೆ. ಅಳುವುದನ್ನೂ ಅವರು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಶಾಂತಕ್ಕಗ ಮಾತ್ರ ಹೇಳಬ್ಯಾಡ. ಸಂಗ್ಯಾಗ ಲೆಕ್ಕ ತಪ್ಪತೈತಿ ಅನ್ನಲಿ, ನಡೀತೈತಿ. ಬೇಕಂತ ಮಾಡೀನಿ ಅಂತ ಗೊತ್ತಾದ್ರ ಆಕಿ ಮುಂದ ನಿಂದ್ರಲಾರೆ."

ಆ ಪೆನ್‌ಡ್ರೈವ್ ಹಿಡಿದು ನಾನು ಗಜೇಂದ್ರಗಡ, ನರಗುಂದ ಎಲ್ಲ ತಿರುಗಿ ಬಂದೆ. ನರಗುಂದದ ಅಂಗಡಿಯವನು, "ಇದನ್ನ ಮಾಡಿದವರು ಯಾರ್ರಿ ಅಕ್ಕಾರ?" ಎಂದು ಕೇಳಿದ. ಹೇಳಿದೆ. "ಅಯ್ಯ, ಆ ಅಜ್ಜಾರೇನು!" ಎಂದು ತಲೆ ಮೇಲೆ ಕೈಯಿಟ್ಟುಕೊಂಡ. ಒಮ್ಮೆ ಬಂದು ಭೇಟಿಯಾಗುತ್ತೇನೆ ಎಂದ. ಬರಲಿಲ್ಲ.

ಮಾಸ್ತರರು ಮತ್ತೆ ಆ ಪ್ರೋಗ್ರಾಮನ್ನು ಮುಟ್ಟಲಿಲ್ಲ. ಕ್ಲಾಸು ನಡೆಯಿತು, ಬಸ್‌ಸ್ಟ್ಯಾಂಡಿಗೆ ಹೋಗುವುದು ನಿಂತಿತು. ಹೋದ ವರ್ಷ ಹಾಸಿಗೆ ಹಿಡಿದರು. ನೋಡಲು ಹೋಗುವಾಗ ನಾನು ಬೇಕೆಂದೇ ನಮ್ಮವ್ವನ ಹಳೆಯ ಕೈಮಗ್ಗದ ಸೀರೆ ಉಟ್ಟಿದ್ದೆ. ಚಿಕ್ಕಿ ಪರಾಸದ ದಡಿ, ಅವರಿಗೆ ಬಹಳ ಸೇರುತ್ತಿದ್ದದ್ದು. ಮಂಚದ ಪಕ್ಕ, ಕಾಣುವ ಹಾಗೆ ನಿಂತೆ. ಅವರು ದಡಿ ನೋಡಲಿಲ್ಲ. ನನ್ನ ಮುಖ ನೋಡಿದರು. "ಭಾಳ ದಣದಿಯಲ್ಲವಾ ಗಿರಿಜಾ" ಎಂದರು. ಅದೇ ಕೊನೆ.

ಮಣ್ಣಿನ ದಿನ ಗಜೇಂದ್ರಗಡದ ಓಣಿಯವರೆಲ್ಲ ಬಂದಿದ್ದರು. ಅಂಗಳದಲ್ಲಿ ಕೂತ ಹೆಂಗಸರೊಳಗೆ ಒಬ್ಬಳು ಕಣ್ಣೊರೆಸಿಕೊಂಡು, "ಎಂಥಾ ಶಾಣ್ಯಾ ಮನಶಾ! ಕಡೀಕಡೀಗೆ ಒಂದ ಕಡೆ ಲೆಕ್ಕ ತಪ್ಪತಿತ್ತು, ಪಾಪ" ಎಂದಳು. ಉಳಿದವರು ಹೌದೆಂದು ತಲೆಯಾಡಿಸಿದರು. ನಲವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು, ಎಲ್ಲೂ ಒಂದು ಎಳೆ ತಪ್ಪದವರು. ಕಮಲಮ್ಮನವರಿಗೂ ಅದು ಕೇಳಿಸಿತು.

ಒಂದು ತಿಂಗಳು ತಡೆದೆ. ಆಮೇಲೆ ಅವರು ಬೇಡ ಎಂದದ್ದನ್ನು ಮೀರಿ ಶಾಂತವ್ವನ ಮನೆಗೆ ಹೋದೆ. ಆಕೆ ಕುಣಿಯಲ್ಲಿ ಕೂತಿದ್ದಳು. ಮೇಲೆ ತೂಗುತ್ತಿದ್ದ ಹೊಸ ಮಾಲೆಯಲ್ಲಿ ಎಲ್ಲೂ ಕಾಗದದ ಚೂರು ಇರಲಿಲ್ಲ.

"ಆಯಿ, ಮಾಸ್ತರ ಲೆಕ್ಕ ತಪ್ಪಿರಲಿಲ್ಲರಿ" ಎಂದೆ. ನಿಂತಲ್ಲೇ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಪೆನ್‌ಡ್ರೈವ್, ರೇಣುಕಾ, ನರಗುಂದ, ಆ ತೂತು, ಅವರು ಕಾದದ್ದು, ನಾನು ಹೋಗದೇ ಇದ್ದದ್ದು.

ಆಕೆ ಲಾಳಿ ನಿಲ್ಲಿಸಿ ಕೇಳಿದಳು. "ಲೆಕ್ಕ ತಪ್ಪಿಲ್ಲ ಅನ್ನೂದು ಗೊತ್ತಿತ್ತವಾ" ಎಂದಳು.

"ಗೊತ್ತಿತ್ತರಿ?"

"ತಪ್ಪು ಅಂಬೂದು ಒಮ್ಮೆ ಇಲ್ಲೆ ಆಗತೈತಿ, ಒಮ್ಮೆ ಅಲ್ಲೆ ಆಗತೈತಿ. ಗೋಮಿಯೊಳಗೂ ಇಪ್ಪತ್ನಾಕು, ಗಾಡಿಯೊಳಗೂ ಇಪ್ಪತ್ನಾಕು ಅಂದ್ರ ಅದು ತಪ್ಪಲ್ಲ, ಬೇಕಂತ ಹಾಕಿದ್ದು. ಐವತ್ತು ವರ್ಷ ಈ ಕುಣ್ಯಾಗ ಕುಂತೀನಿ, ಅಷ್ಟೂ ತಿಳೀದೇನ?"

"ಮತ್ತ ಅವತ್ತ ಲೆಕ್ಕ ತಪ್ಪೈತಿ ಅಂತ ಯಾಕಂದ್ರಿ?"

"ಮತ್ತೇನನ್ನಲಿ, ಮನಿಗೆ ಬಂದಾವಗ? ಯಾರ ಮ್ಯಾಲೋ ಸಿಟ್ಟಾಗ್ಯಾನ ಅನ್ನೂದು ತಿಳಿದಿತ್ತು. ಯಾರ ಮ್ಯಾಲ ಅಂತ ತಿಳೀಲಿಲ್ಲ. ನಮ್ಮ ಮ್ಯಾಲ ಇರಬೇಕು ಅನ್ಕೊಂಡಿದ್ದೆ. ಅವನಪ್ಪ ಸತ್ತಾಗ ನಾವೇನರ ಕಡಿಮಿ ಮಾಡಿದ್ವೋ, ಅವನ ಮದವಿಗೆ ಹೋಗಲಿಲ್ಲ ಅದಕ್ಕೋ, ಅಂತ ಭಾಳ ದಿನ ವಿಚಾರ ಮಾಡೀನವಾ. ಅವನ ಕೇಳೂಣು ಅಂದ್ರ ಬಾಯಿ ಬರಲಿಲ್ಲ. ಹೋಗೇಬಿಟ್ಟ."

ಎದುರಿಗಿದ್ದ ಎಳೆಗಳನ್ನು ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಈಗ ತಿಳೀತು" ಎಂದಳು.

ಮತ್ತೆ ಲಾಳಿ ಎಸೆದಳು. ಮೇಲಿನ ಪೆಟ್ಟಿಗೆಯಲ್ಲಿ ಕಾರ್ಡುಗಳು ಒಂದೊಂದಾಗಿ ಹೊರಳತೊಡಗಿದವು. ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.